ಬೇಸ್ ಗಿಟಾರ್ ನುಡಿಸಿದ ಮೇಲೆ ಮಣಿಕಟ್ಟು, ಭುಜ ನೋವು: ಹೊಸ ಬೇಸ್ ಕೊಳ್ಳಬೇಕಾ, ಆಂಪ್ ಕೊಳ್ಳಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ವಾರವೆಲ್ಲ ಕೆಲಸ, ರಜೆಯ ದಿನ ಆರ್ಕೆಸ್ಟ್ರಾದಲ್ಲಿ ಬೇಸ್. ಮೂರು ಗಂಟೆಯ ಪ್ರೋಗ್ರಾಂ ಮುಗಿಯುವಷ್ಟರಲ್ಲಿ ಎಡಗೈ ಮಣಿಕಟ್ಟು ಮತ್ತು ಭುಜ ನೋಯುತ್ತದೆ. ಸುಮಾರು 40 ಸಾವಿರ ರೂಪಾಯಿ ಎತ್ತಿಟ್ಟಿದ್ದೀರಿ. ಶಾರ್ಟ್ ಸ್ಕೇಲ್ (ತಂತಿಯ ಉದ್ದ ಕಡಿಮೆ ಇರುವ) ಬೇಸ್ ಕೊಳ್ಳುವುದಾ, ಒಳ್ಳೆಯ ಆಂಪ್ (ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ಕೊಳ್ಳುವುದಾ, ಐದು ತಂತಿಯ ಬೇಸ್‌ಗೆ ಹೋಗುವುದಾ ಅಂತ ಕೇಳಿದ್ದೀರಿ.

ನಾನೂ ಬೆಂಗಳೂರಿನಲ್ಲಿ ಇದೇ ಥರ ನುಡಿಸುವವನು. ಹೊಟ್ಟೆಪಾಡಿಗೆ ಆಫೀಸು, ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ರಿಸೆಪ್ಷನ್ ಬಂದಾಗ ಹೆಗಲಿಗೆ ಬೇಸ್. ನನ್ನ ಉತ್ತರ: ಬೇಸ್ ಈಗಲೇ ಬದಲಾಯಿಸಬೇಡಿ. ಮೊದಲು ನೀವು ನುಡಿಸುವುದು ಸ್ಟೇಜಿನ ಮೇಲೆ ನಿಮಗೇ ಸರಿಯಾಗಿ ಕೇಳಿಸುವ ಹಾಗೆ ಮಾಡಿಕೊಳ್ಳಿ. ಜೊತೆಗೆ ಇರುವ ಬೇಸನ್ನೇ ಸೆಟಪ್ ಮಾಡಿಸಿ, ಅಂದರೆ ನೆಕ್‌ನ (ತಂತಿ ಒತ್ತುವ ಉದ್ದನೆಯ ಭಾಗ) ಬಾಗು, ತಂತಿಯ ಎತ್ತರ ಸರಿಮಾಡಿಸಿ; ಅಗಲದ ಸ್ಟ್ರ್ಯಾಪ್ ಹಾಕಿ. ಅದಾದ ಮೇಲೂ ನೋವು ಉಳಿದರೆ ಹೊಸ ಬೇಸ್ ವಿಚಾರ.

ಕಿವಿಗೂ ಮಣಿಕಟ್ಟಿಗೂ ಏನು ಸಂಬಂಧ ಅಂತ ಅನ್ನಿಸಬಹುದು. ಸ್ಟೇಜಿನಲ್ಲಿ ನಾವು ನಿಲ್ಲುವ ಜಾಗ ನೆನಪು ಮಾಡಿಕೊಳ್ಳಿ. ಒಂದು ಪಕ್ಕ ಡ್ರಮ್ಸ್ ಅಥವಾ ರಿದಮ್ ಪ್ಯಾಡ್, ಇನ್ನೊಂದು ಪಕ್ಕ ಕೀಬೋರ್ಡ್. ದೊಡ್ಡ ಸ್ಪೀಕರ್‌ಗಳೆಲ್ಲ ಜನರ ಕಡೆ ಮುಖ ಮಾಡಿರುತ್ತವೆ. ಮಾನಿಟರ್ (ಸ್ಟೇಜಿನ ಮೇಲಿರುವವರಿಗೆ ಕೇಳಿಸಲು ಇಡುವ ಸ್ಪೀಕರ್) ಒಂದೋ ಎರಡೋ ಇದ್ದರೆ ಹಾಡುವವರ ಮುಂದಿರುತ್ತವೆ. ನಮ್ಮ ಕಿವಿಗೆ ಬರುವುದು ಗುಡುಗುಡು ಸದ್ದು ಮಾತ್ರ; ಯಾವ ಸ್ವರ ಅಂತ ತಿಳಿಯುವುದಿಲ್ಲ. ಆಗ ಬಲಗೈ ತಾನಾಗಿಯೇ ಜೋರಾಗಿ ಮೀಟಲು ಶುರು ಮಾಡುತ್ತದೆ. ಬಲಗೈ ಬಿಗಿಯಾದರೆ ಎಡಗೈ ಸುಮ್ನೆ ಇರುವುದಿಲ್ಲ, ಅದೂ ಬಿಗಿಯಾಗುತ್ತದೆ. ಬಸ್ಸಿನ ಕಂಬಿ ಹಿಡಿದ ಹಾಗೆ ನೆಕ್ ಹಿಡಿದುಕೊಂಡು ಮೂರು ಗಂಟೆ ನಿಂತರೆ ಯಾರ ಕೈಯಾದರೂ ನೋಯುತ್ತದೆ. ನೀವೇ ಪರೀಕ್ಷೆ ಮಾಡಿ. ಮನೆಯಲ್ಲಿ ಇಷ್ಟೇ ಹೊತ್ತು ಪ್ರಾಕ್ಟೀಸ್ ಮಾಡಿದಾಗ ನೋವು ಕಡಿಮೆ ಇದ್ದು, ಸ್ಟೇಜಿನಲ್ಲಿ ಜಾಸ್ತಿ ಆಗುತ್ತಿದ್ದರೆ ಕಾರಣ ಬಹುಪಾಲು ಇದೇ.

ಇದಕ್ಕೆ ವಾಲ್ಯೂಮ್ ಏರಿಸುವುದೊಂದೇ ದಾರಿ ಅಂದುಕೊಳ್ಳಬೇಡಿ. ದಪ್ಪ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸದ್ದಿಗೆ ಮನುಷ್ಯರ ಕಿವಿ ಮಂದ. ನಾವು ಸ್ವರ ಗುರುತು ಹಿಡಿಯುವುದು ಅದರ ಹಾರ್ಮೋನಿಕ್‌ಗಳಿಂದ, ಅಂದರೆ ಅದೇ ತಂತಿಯಿಂದ ಜೊತೆಗೇ ಹುಟ್ಟುವ ಮೇಲಿನ ಸ್ವರಗಳಿಂದ. ಹಾಗಾಗಿ ಆಂಪ್‌ನಲ್ಲಿ ಬೇಸ್ ತಿರುಪನ್ನು ಸ್ವಲ್ಪ ಇಳಿಸಿ, ಮಿಡ್ ಏರಿಸಿ. 400ರಿಂದ 800 ಹರ್ಟ್ಸ್ ಆಸುಪಾಸಿನಲ್ಲಿ ಸ್ವಲ್ಪ ಎತ್ತಿದರೆ ಸಾಕು, ಗದ್ದಲದ ನಡುವೆಯೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಒಬ್ಬರೇ ಕೂತು ಕೇಳಿದಾಗ ಈ ಸದ್ದು ಸ್ವಲ್ಪ ಮೂಗಿನಲ್ಲಿ ಮಾತಾಡಿದಂತೆ ಅನ್ನಿಸುತ್ತದೆ. ಡ್ರಮ್ಸ್, ಕೀಬೋರ್ಡ್ ಸೇರಿದ ಮೇಲೆ ಅದೇ ಸರಿಯಾಗಿರುತ್ತದೆ.

ಇನ್ನೊಂದು, ಸ್ಪೀಕರ್ ಇಡುವ ಎತ್ತರ. ಈ ಮಿಡ್ ಸದ್ದು ಸ್ಪೀಕರ್ ನೋಡುವ ದಿಕ್ಕಿಗೇ ಹೆಚ್ಚು ಹೋಗುತ್ತದೆ. ಆಂಪ್ ನೆಲದ ಮೇಲಿದ್ದರೆ ಅದು ಕೇಳಿಸುವುದು ನಿಮ್ಮ ಮೊಣಕಾಲಿಗೆ, ಕಿವಿಗಲ್ಲ. ಗಟ್ಟಿಯಾದ ಕುರ್ಚಿಯ ಮೇಲೆ ಇಡಿ. ಇಲ್ಲವಾದರೆ ಮುಂಭಾಗದ ಕೆಳಗೆ ಏನಾದರೂ ಕೊಟ್ಟು ಮುಖ ಮೇಲಕ್ಕೆ ವಾಲಿಸಿ. ಕಾಸಿಲ್ಲದ ಉಪಾಯ, ಆದರೆ ನನಗೆ ಇದರಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗಿಲ್ಲ.

ಈಗ ಎಡಗೈ. ಮನೆಯಲ್ಲಿ ಕೂತು ಹೀಗೆ ಮಾಡಿ. ಎ ತಂತಿಯನ್ನು ಐದನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದರೆ ನೆಕ್ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಕಂಬಿ) ಒತ್ತಿ, ಬಲಗೈಯಿಂದ ಮೀಟುತ್ತಾ ಇರಿ. ಎಡಗೈಯ ಒತ್ತಡವನ್ನು ನಿಧಾನವಾಗಿ ಕಡಿಮೆ ಮಾಡಿ. ಒಂದು ಹಂತದಲ್ಲಿ ತಂತಿ ಜುಯ್ ಅನ್ನುತ್ತದೆ. ಅಲ್ಲಿಂದ ಒಂದು ಚೂರು ಮಾತ್ರ ಹೆಚ್ಚಿಸಿ. ಸ್ವರ ಶುದ್ಧವಾಗಿ ಬರಲು ಅಷ್ಟೇ ಸಾಕು. ಎಷ್ಟು ಕಡಿಮೆ ಬಲ ಬೇಕು ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ. ಬೆರಳು ಫ್ರೆಟ್‌ನ ಕಂಬಿಗೆ ಅಂಟಿದಂತೆ, ಅದರ ಹಿಂದೆಯೇ ಇರಬೇಕು. ಎರಡು ಕಂಬಿಗಳ ನಡುಮಧ್ಯೆ ಒತ್ತಿದರೆ ಜಾಸ್ತಿ ಬಲ ಬೇಕಾಗುತ್ತದೆ. ಹೆಬ್ಬೆರಳನ್ನು ನೆಕ್‌ನಿಂದ ಪೂರ್ತಿ ತೆಗೆದೂ ಒಂದೆರಡು ನಿಮಿಷ ನುಡಿಸಿ ನೋಡಿ. ಬಲಗೈಯ ಮುಂದೋಳು ಬೇಸ್‌ನ ಮೈಯನ್ನು ಹಿಡಿದುಕೊಂಡಿದ್ದರೆ ತೋಳಿನ ಭಾರದಲ್ಲೇ ಸ್ವರ ಬರುತ್ತದೆ.

ಒಂದು ಬೆರಳಿಗೆ ಒಂದು ಫ್ರೆಟ್ ಅನ್ನುವ ಪಾಠವನ್ನು ಕೆಳಗಿನ, ಅಂದರೆ ನೆಕ್‌ನ ತುದಿಯ ಕಡೆಯ, ಫ್ರೆಟ್‌ಗಳಲ್ಲಿ ಬಿಟ್ಟುಬಿಡಿ. ಅಲ್ಲಿ ತೋರುಬೆರಳು, ನಡುಬೆರಳು, ಕಿರುಬೆರಳು ಇಷ್ಟೇ ಬಳಸಿ; ಉಂಗುರ ಬೆರಳು ಕಿರುಬೆರಳಿಗೆ ಜೊತೆ ಕೊಡಲಿ. ಮೂರು ಫ್ರೆಟ್‌ಗೆ ನಾಲ್ಕು ಬೆರಳು. ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನವರು ಬಹಳ ಹಿಂದಿನಿಂದ ಹೀಗೇ ನುಡಿಸುತ್ತಾ ಬಂದಿದ್ದಾರೆ. ನಾಲ್ಕನೇ ಸ್ವರ ಬೇಕಾದಾಗ ಬೆರಳು ಚಾಚುವ ಬದಲು ಇಡೀ ಕೈಯನ್ನೇ ಸರಿಸಿ.

ಶಾರ್ಟ್ ಸ್ಕೇಲ್ ಬೇಸ್ ವಿಷಯಕ್ಕೆ ಬರುತ್ತೇನೆ, ನಿಮ್ಮ ಮುಖ್ಯ ಪ್ರಶ್ನೆ ಅದೇ ಅಲ್ವಾ? 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗ ತಂತಿಯ ಉದ್ದ 34 ಇಂಚು ಇಟ್ಟ. ಇವತ್ತು ಅಂಗಡಿಯಲ್ಲಿರುವ ಹೆಚ್ಚಿನ ಬೇಸ್‌ಗಳು ಇದೇ ಅಳತೆಯವು. ಆದರೆ ಅದು ಕಟ್ಟಳೆ ಏನಲ್ಲ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯ ಪಿಟೀಲಿನ ಆಕಾರದ ಹಾಫ್ನರ್ 30 ಇಂಚಿನ ಬೇಸ್. ಸದ್ದಿನ ವಿಷಯದಲ್ಲಿ ಶಾರ್ಟ್ ಸ್ಕೇಲ್‌ಗೆ ಯಾರೂ ಹಿಂಜರಿಯಬೇಕಾಗಿಲ್ಲ.

ಅಳತೆ ಮಾತ್ರ ಸ್ವಲ್ಪ ನೋಡಿ. 34 ಇಂಚಿನ ಬೇಸ್‌ನಲ್ಲಿ ನಟ್‌ನಿಂದ (ನೆಕ್‌ನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಮೊದಲ ಫ್ರೆಟ್‌ಗೆ ಸುಮಾರು 48 ಮಿ.ಮೀ. ಎರಡನೆಯದರಿಂದ ಮೂರನೆಯದಕ್ಕೆ 43. ನಾಲ್ಕರಿಂದ ಐದಕ್ಕೆ 38. 30 ಇಂಚಿನ ಬೇಸ್‌ನಲ್ಲಿ ಮೊದಲ ಫ್ರೆಟ್‌ಗೇ 43 ಮಿ.ಮೀ. ಅಂದರೆ ನಿಮ್ಮ ಈಗಿನ ಬೇಸ್‌ನಲ್ಲೇ ಮೂರನೇ ಫ್ರೆಟ್‌ನಿಂದ ಮೇಲೆ ನುಡಿಸಿದರೆ ಬೆರಳಿಗೆ ಸಿಗುವ ಅಂತರ ಶಾರ್ಟ್ ಸ್ಕೇಲ್‌ನಷ್ಟೇ ಆಯಿತು. ಮುಂದಿನ ಪ್ರೋಗ್ರಾಂನಲ್ಲಿ ಆದಷ್ಟು ಹಾಡುಗಳನ್ನು ಹೀಗೆ ನುಡಿಸಿ ನೋಡಿ. ಎ ತಂತಿಯ ಎರಡನೇ ಫ್ರೆಟ್‌ನ ಬಿ, ಇ ತಂತಿಯ ಏಳನೇ ಫ್ರೆಟ್‌ನಲ್ಲೂ ಇದೆ. ಮಣಿಕಟ್ಟಿಗೆ ನಿಜವಾಗಿ ಆರಾಮ ಅನ್ನಿಸಿದರೆ ಶಾರ್ಟ್ ಸ್ಕೇಲ್ ನಿಮಗೆ ಹೊಂದುತ್ತದೆ, ಧೈರ್ಯವಾಗಿ ಕೊಳ್ಳಿ. ಏನೂ ವ್ಯತ್ಯಾಸ ಕಾಣದಿದ್ದರೆ ದುಡ್ಡು ಉಳಿಯಿತು.

ಭುಜದ ನೋವಿಗೆ ತೂಕವೊಂದೇ ಕಾರಣ ಆಗಿರಬೇಕಿಲ್ಲ. ಸಾಮಾನ್ಯ ಬೇಸ್‌ಗಳು ಮೂರೂವರೆಯಿಂದ ನಾಲ್ಕೂವರೆ ಕೆ.ಜಿ. ತೂಗುತ್ತವೆ. ಸ್ಟ್ರ್ಯಾಪ್ ಹಾಕಿಕೊಂಡು ನಿಂತು ಎರಡೂ ಕೈ ಬಿಡಿ. ಬೀಳುತ್ತದೆ ಅನ್ನಿಸಿದರೆ ಹಿಡಿಯಲು ಸಿದ್ಧವಾಗಿರಿ. ನೆಕ್ ತಾನಾಗಿ ನೆಲದ ಕಡೆ ವಾಲಿದರೆ, ಪ್ರೋಗ್ರಾಂ ಉದ್ದಕ್ಕೂ ಅದನ್ನು ಎತ್ತಿ ಹಿಡಿಯುವ ಕೆಲಸ ನಿಮ್ಮ ಎಡಗೈ ಮತ್ತು ಎಡಭುಜ ಮಾಡುತ್ತಿವೆ ಅಂತ ಅರ್ಥ. ಒಳಮೈ ಒರಟಾದ, ನಾಲ್ಕು ಇಂಚು ಅಗಲದ ಚರ್ಮದ ಸ್ಟ್ರ್ಯಾಪ್ ಅಂಗಿಯ ಮೇಲೆ ಜಾರುವುದಿಲ್ಲ, ವಾಲುವುದು ಬಹಳ ಮಟ್ಟಿಗೆ ನಿಲ್ಲುತ್ತದೆ. ಉದ್ದ ಹೇಗಿರಲಿ ಅಂದರೆ, ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರಲಿ. ತೊಡೆಯವರೆಗೆ ಇಳಿಬಿಟ್ಟರೆ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಮಣಿಕಟ್ಟು ಪೂರ್ತಿ ಮಡಚಿಕೊಳ್ಳುತ್ತದೆ. ಮಣಿಕಟ್ಟು ಹೆಚ್ಚುಕಡಿಮೆ ನೇರ ಇರಬೇಕು, ಅದೇ ಗುರುತು.

ಸೆಟಪ್ ಬಗ್ಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ನನಗೆ ಬೇಜಾರು. ಅಂಗಡಿಯಿಂದ ತಂದ ಹಾಗೇ ವರ್ಷಗಟ್ಟಲೆ ನುಡಿಸುತ್ತಾರೆ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತಂತಿಗೂ ಕಂಬಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು, ಅಂದರೆ 0.3 ಮಿ.ಮೀ. ಆಸುಪಾಸು ಸಂದು ಇರಬೇಕು. ಜಾಸ್ತಿ ಇದ್ದರೆ ನೆಕ್ ಬಾಗಿದೆ. ಒತ್ತದೇ ಇದ್ದಾಗ ಹನ್ನೆರಡನೇ ಫ್ರೆಟ್ ಮೇಲೆ ಇ ತಂತಿ ಎರಡೂವರೆ ಮಿ.ಮೀ., ಜಿ ತಂತಿ ಎರಡು ಮಿ.ಮೀ. ಎತ್ತರ ಇದ್ದರೆ ಆರಾಮ. ಮಳೆಗಾಲದ ತೇವಕ್ಕೆ ಮರ ಹಿಗ್ಗಿ ನೆಕ್‌ನ ಬಾಗು ಬದಲಾಗುತ್ತದೆ. ನಮ್ಮ ಸೀಸನ್ ಶುರುವಾಗುವುದೇ ಗಣೇಶನ ಹಬ್ಬಕ್ಕೆ, ಸರಿಯಾಗಿ ಮಳೆ ನಡುವೆ. ಅದಕ್ಕೆ ಹಬ್ಬಕ್ಕೆ ಮುಂಚೆ ಒಮ್ಮೆ ತೋರಿಸಿ. ಟ್ರಸ್ ರಾಡ್ (ನೆಕ್‌ನ ಬಾಗು ಸರಿಮಾಡಲು ಅದರೊಳಗಿರುವ ಲೋಹದ ಸರಳು) ನೀವೇ ತಿರುಗಿಸುವುದಾದರೆ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ತಂತಿ 105ರ ಸೆಟ್ (ದಪ್ಪ ತಂತಿ 0.105 ಇಂಚು) ಇದ್ದರೆ, ದಪ್ಪ ತಂತಿ 100 ಅಥವಾ 95 ಇರುವ ಸೆಟ್ ಹಾಕಿ. ಬಿಗಿತ ಕಡಿಮೆಯಾಗುತ್ತದೆ. ತಂತಿ ಬದಲಾಯಿಸಿದ ಮೇಲೆ ಸೆಟಪ್ ಮತ್ತೆ ನೋಡಬೇಕು, ಆದ್ದರಿಂದ ಎರಡನ್ನೂ ಒಟ್ಟಿಗೇ ಮಾಡಿಸಿ.

ಐದು ತಂತಿಗೆ ಹೋಗಬೇಕಾ? ಆರ್ಕೆಸ್ಟ್ರಾದಲ್ಲಿ ಇದಕ್ಕೊಂದು ನಿಜವಾದ ಕಾರಣ ಇದೆ. ಹಾಡುವವರು ಬದಲಾದ ಹಾಗೆ ಹಾಡಿನ ಸ್ಕೇಲ್, ಅಂದರೆ ಶ್ರುತಿ, ಬದಲಾಗುತ್ತದೆ. ಕೀಬೋರ್ಡ್‌ನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿ ಅದೇ ಬೆರಳಿನಲ್ಲಿ ನುಡಿಸುತ್ತಾರೆ. ನಮಗೆ ಆ ಬಟನ್ ಇಲ್ಲ. ಡಿ ಶಾರ್ಪ್ ಅಂದರೆ ನಾಲ್ಕು ತಂತಿಯಲ್ಲಿ ಕೆಳಗಿನ ಷಡ್ಜವೇ ಸಿಗುವುದಿಲ್ಲ. ಐದು ತಂತಿಯಲ್ಲಿ ಅದು ಬಿ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಸಿಗುತ್ತದೆ. ಇ ತಂತಿಯ ಮೊದಲ ಫ್ರೆಟ್‌ನ ಎಫ್ ಕೂಡ ಬಿ ತಂತಿಯ ಆರನೆಯದರಲ್ಲಿ ಸಿಗುವುದರಿಂದ ಕೈ ಚಾಚುವುದು ಕಡಿಮೆ. ಆದರೆ ನೆಕ್ ಅಗಲ, ತೂಕ ಹೆಚ್ಚು. ಕೆಳಗಿನ ಬಿ 31 ಹರ್ಟ್ಸ್. ಚಿಕ್ಕ ಪ್ರೋಗ್ರಾಂನ ಸ್ಪೀಕರ್‌ಗಳಲ್ಲಿ ಅದು ಸರಿಯಾಗಿ ಬರುವುದೇ ಇಲ್ಲ. ಈಗಾಗಲೇ ಭುಜ ನೋಯುತ್ತಿರುವ ನಿಮಗೆ ನಾನು ಇದನ್ನು ಹೇಳುವುದಿಲ್ಲ. ಮುಂದೆ ಹೊಸ ಬೇಸ್ ಕೊಳ್ಳುವ ದಿನ ಬಂದರೆ, ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಒಂದೇ ಮಾಡೆಲ್‌ನ ಎರಡು ಬೇಸ್‌ಗಳ ತೂಕದಲ್ಲೂ ವ್ಯತ್ಯಾಸ ಇರುತ್ತದೆ. ನೆಕ್ ಸಣ್ಣ ಇರಲಿ ಅನ್ನುವವರಿಗೆ ಐಬನೇಜ್ ಎಸ್‌ಆರ್ ಸಾಲಿನವು ಕೈಗೆ ಹಗುರ. ಜಾಝ್ ಬೇಸ್ ಮಾದರಿಯ ನೆಕ್ ಕೂಡ ನಟ್ ಹತ್ತಿರ 38 ಮಿ.ಮೀ. ಮಾತ್ರ.

ನಿಮ್ಮ 40 ಸಾವಿರ ಎಲ್ಲಿಗೆ ಹೋಗಬೇಕು ಅಂದರೆ, ಸೆಟಪ್, ತಂತಿ, ಸ್ಟ್ರ್ಯಾಪ್ ಆದ ಮೇಲೆ ಉಳಿದದ್ದು ಕೇಳಿಸಿಕೊಳ್ಳುವ ಸಾಮಾನಿಗೆ. ಸೌಂಡ್‌ನವರು ಸಾಮಾನ್ಯವಾಗಿ ಬೇಸ್ ಕೇಬಲನ್ನು ನೇರವಾಗಿ ಮಿಕ್ಸರ್‌ಗೆ ಚುಚ್ಚುತ್ತಾರೆ. ಬ್ಯಾಟರಿ ಇಲ್ಲದ ಪ್ಯಾಸಿವ್ ಬೇಸ್‌ಗೆ ಇದು ಹೊಂದುವುದಿಲ್ಲ, ಸದ್ದು ಮಂಕಾಗುತ್ತದೆ. ಒಂದು ಆಕ್ಟಿವ್ ಡಿಐ ಬಾಕ್ಸ್ (ಬೇಸ್‌ನ ಸಿಗ್ನಲ್ಲನ್ನು ಮಿಕ್ಸರ್‌ಗೆ ಹೊಂದಿಸಿ ಕಳಿಸುವ ಚಿಕ್ಕ ಪೆಟ್ಟಿಗೆ) ನಿಮ್ಮ ಬ್ಯಾಗಿನಲ್ಲಿರಲಿ. ಆಂಪ್ ದೊಡ್ಡದು ಬೇಡ. ಜನರಿಗೆ ಕೇಳಿಸುವುದು ಮಿಕ್ಸರ್ ಮೂಲಕ, ಆಂಪ್ ನಿಮ್ಮ ಕಿವಿಗೆ ಮಾತ್ರ. 40ರಿಂದ 100 ವಾಟ್‌ನ, ಹಿಂದೆ ಎಕ್ಸ್‌ಎಲ್‌ಆರ್ ಔಟ್ (ಮಿಕ್ಸರ್‌ಗೆ ಕೇಬಲ್ ಕೊಡುವ ಜಾಗ) ಇರುವ ಹಗುರ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಸಾಕು. ಉದಾಹರಣೆಗೆ ಫೆಂಡರ್ ರಂಬಲ್ 40 ಎಂಟು ಕೆ.ಜಿ. ಅಷ್ಟೇ, ಒಂದು ಕೈಯಲ್ಲಿ ಎತ್ತಿ ಆಟೋದಲ್ಲಿ ಇಡಬಹುದು. ಹೊಸದಕ್ಕೆ ದುಡ್ಡು ಸಾಲದಿದ್ದರೆ ಇಂಥವು ಸೆಕೆಂಡ್‌ಹ್ಯಾಂಡ್‌ನಲ್ಲೂ ನೋಡಿ. ಎಲ್ಲ ತಿರುಪು ತಿರುಗಿಸಿ ಕರಕರ ಸದ್ದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಇಡೀ ತಂಡವೇ ತುಂಬ ಜೋರಾಗಿದ್ದರೆ ಸಂಗೀತಗಾರರಿಗೆ ಅಂತಲೇ ಬರುವ ಇಯರ್‌ಪ್ಲಗ್ ಹಾಕಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವ ಅಮೆರಿಕದ ನಿಯೋಶ್ ಸಂಸ್ಥೆಯ (ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಸರ್ಕಾರಿ ಸಂಸ್ಥೆ) ಲೆಕ್ಕ, 100 ಡೆಸಿಬೆಲ್‌ಗೆ ಬರುವಾಗ 15 ನಿಮಿಷಕ್ಕೆ ಇಳಿಯುತ್ತದೆ.

ಶಾಮಿಯಾನದ ಕರೆಂಟ್ ಬಗ್ಗೆ ಒಂದು ಮಾತು. ಬೇಸ್‌ನ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ತ್‌ಗೆ ಸೇರಿರುತ್ತವೆ. ಅರ್ತಿಂಗ್ ಸರಿ ಇಲ್ಲದ ಜನರೇಟರ್ ಲೈನ್‌ನಲ್ಲಿ, ಬೇಸ್ ಹಿಡಿದು ಮೈಕ್ ಮುಟ್ಟಿದರೆ ಶಾಕ್ ಹೊಡೆಯಬಹುದು, ಅದು ಪ್ರಾಣಕ್ಕೇ ಅಪಾಯ. ಮೈಕ್ ಹತ್ತಿರ ಹೋಗುವ ಮುಂಚೆ ತಂತಿಗೂ ಮೈಕ್‌ನ ಜಾಲರಿಗೂ ಟೆಸ್ಟರ್ ಇಟ್ಟು ನೋಡಿ. ದೀಪ ಹತ್ತಿದರೆ ಎಲೆಕ್ಟ್ರಿಷಿಯನ್ ಸರಿ ಮಾಡುವವರೆಗೆ ನುಡಿಸಬೇಡಿ. ಹಮ್ ಸದ್ದು ಹೋಗಲಿ ಅಂತ ಪ್ಲಗ್‌ನ ಅರ್ತ್ ಪಿನ್ ತೆಗೆಯುವವರನ್ನು ಕಂಡರೆ ತಡೆಯಿರಿ. ಹಮ್‌ಗೆ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ.

ಇದೆಲ್ಲ ದಣಿವಿನ ನೋವಿಗೆ. ಬೆರಳು ಜೋಮು ಹಿಡಿಯುತ್ತಿದ್ದರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಹಿಡಿತ ಸಡಿಲವಾಗಿ ಲೋಟ ಜಾರುತ್ತಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿನ ಜೋಮು ಮಣಿಕಟ್ಟಿನಲ್ಲಿ ಹಾದುಹೋಗುವ ನರದ್ದಾಗಿರಬಹುದು. ಕಿರುಬೆರಳು ಮತ್ತು ಅದರ ಪಕ್ಕದ್ದಾದರೆ ಮೊಣಕೈ ಹತ್ತಿರದ ನರ ಇರಬಹುದು. ಯಾವ ಬೆರಳು ಅಂತ ಗಮನಿಸಿ ಹೇಳಿದರೆ ಅವರಿಗೆ ಅನುಕೂಲ. ಫಿಸಿಯೋಥೆರಪಿಗೆ ಕಳಿಸಿದರೆ ಬೇಸ್ ಮತ್ತು ಸ್ಟ್ರ್ಯಾಪ್ ಎರಡನ್ನೂ ಜೊತೆಗೆ ತಗೊಂಡು ಹೋಗಿ, ಅವರ ಮುಂದೆ ನಿಂತು ಒಂದು ಇಡೀ ಹಾಡು ನುಡಿಸಿ ತೋರಿಸಿ.