ಎಳೆ ಕರುವಿನ ಕೊಂಬು ಸುಡಲು ಮರಗಟ್ಟಿಸುವ ಇಂಜೆಕ್ಷನ್ ಬೇಕೇ?

ಪಶುವೈದ್ಯರ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಅರಿವಳಿಕೆ ಮತ್ತು ನೋವಿನ ಔಷಧಗಳ ಬಗ್ಗೆಯೇ ಇವೆ. ಉತ್ತರಗಳಲ್ಲಿ ಕೊಟ್ಟಿರುವ ಪ್ರಮಾಣಗಳು ನಿಮ್ಮ ಡಾಕ್ಟರ ಜೊತೆ ತಿಳಿದು ಮಾತಾಡುವುದಕ್ಕೆ, ನೀವೇ ಸೂಜಿ ಹಿಡಿಯುವುದಕ್ಕಲ್ಲ.

ಪ್ರಶ್ನೆ: ನಮ್ಮ ಎಚ್‌ಎಫ್ ಮಿಶ್ರತಳಿ ಹೆಣ್ಣುಕರುವಿಗೆ 20 ದಿನ. ಕೊಂಬು ಸುಡಿಸಬೇಕು. ಊರಲ್ಲಿ ಈ ಕೆಲಸ ಮಾಡುವವರು, ‘ಎಳೆ ಕರುವಿಗೆ ಇಂಜೆಕ್ಷನ್ ಯಾಕೆ, ಗಟ್ಟಿಯಾಗಿ ಹಿಡ್ಕೊಂಡ್ರೆ ಎರಡು ನಿಮಿಷದ ಕೆಲಸ’ ಅಂತಾರೆ. ಹೌದಾ? – ಮದ್ದೂರು

ಉತ್ತರ: ಅಲ್ಲ. ಇಂಜೆಕ್ಷನ್ ಬೇಕೇ ಬೇಕು. ಎಳೆ ಕರುವಿಗೆ ನೋವು ಕಮ್ಮಿ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ನಾಲ್ಕು ಜನ ಅದುಮಿ ಹಿಡಿದರೆ ಕರು ಅಲ್ಲಾಡುವುದಿಲ್ಲ, ಅಷ್ಟೇ. ನೋವು ಇದ್ದ ಹಾಗೇ ಇರುತ್ತದೆ.

ನೀವು ಆರಿಸಿಕೊಂಡಿರುವ ವಯಸ್ಸು ಸರಿಯಾಗಿದೆ. ಸುಮಾರು ಎರಡು ತಿಂಗಳವರೆಗೆ ಕೊಂಬಿನ ಮೊಳಕೆ ತಲೆಬುರುಡೆಗೆ ಕಚ್ಚಿಕೊಂಡಿರುವುದಿಲ್ಲ, ಚರ್ಮದಲ್ಲೇ ಇರುತ್ತದೆ. ಆಮೇಲೆ ಅದು ಸುಡುವ ಕೆಲಸವಾಗಿ ಉಳಿಯುವುದಿಲ್ಲ, ಕತ್ತರಿಸುವ ಶಸ್ತ್ರಚಿಕಿತ್ಸೆಯೇ ಆಗುತ್ತದೆ.

ಕೊಂಬಿನ ನರ ಕಣ್ಣಿನ ಹಿಂಬದಿಯಿಂದ ಹೊರಟು, ಹಣೆಯ ಪಕ್ಕದಲ್ಲಿ ಕೈಗೆ ಸಿಗುವ ಎಲುಬಿನ ಏಣಿನ ಕೆಳಗೆ ಕೊಂಬಿನ ಬುಡಕ್ಕೆ ಹೋಗುತ್ತದೆ. ಕಣ್ಣಿನ ಹೊರಮೂಲೆಗೂ ಕೊಂಬಿನ ಬುಡಕ್ಕೂ ನಡುಮಧ್ಯೆ, ಆ ಏಣಿಗೆ ತಾಗಿದಂತೆ ಕೆಳಗೆ, ಮರಗಟ್ಟಿಸುವ ಔಷಧವಾದ ಶೇ 2ರ ಲಿಗ್ನೋಕೇನ್ ಒಂದೊಂದು ಬದಿಗೆ 3ರಿಂದ 5 ಮಿ.ಲೀ. ಕೊಡುತ್ತಾರೆ. ಸೂಜಿ ಒಂದು ಸೆಂಟಿಮೀಟರ್ ಒಳಗೆ ಹೋದರೆ ಸಾಕು. ಇನ್ನೂ ಆಳಕ್ಕೆ ಹೋದರೆ ಔಷಧ ಸ್ನಾಯುವಿನೊಳಗೆ ಸೇರಿ ನರಕ್ಕೆ ತಲುಪುವುದೇ ಇಲ್ಲ. ಎಷ್ಟೋ ಕಡೆ ‘ಇಂಜೆಕ್ಷನ್ ಕೊಟ್ಟರೂ ಒದ್ದಾಡಿತು’ ಎನ್ನುವುದಕ್ಕೆ ಇದು ಒಂದು ಕಾರಣ. ಕಾಯದಿರುವುದು ಇನ್ನೊಂದು. 5ರಿಂದ 10 ನಿಮಿಷ ಬಿಟ್ಟು ಮೊಳಕೆಯ ಸುತ್ತ ನಾಲ್ಕೂ ಕಡೆ ಸೂಜಿಯಿಂದ ಚುಚ್ಚಿ ನೋಡಬೇಕು. ಕರು ತಲೆ ಕೊಡವಿದರೆ ಇನ್ನಷ್ಟು ಔಷಧ ಕೊಡಬೇಕು. ರೆಪ್ಪೆ ಜೋತುಬಿದ್ದಿದೆ ಎಂಬುದಷ್ಟನ್ನೇ ನಂಬಿ ಕಬ್ಬಿಣ ಇಡಬಾರದು, ಏಕೆಂದರೆ ರೆಪ್ಪೆಯ ನರ ಬೇರೆ.

ಕಬ್ಬಿಣ ಕೆಂಪಗೆ ಕಾದಿರಬೇಕು. ಅರೆಬರೆ ಕಾದದ್ದನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಕೆಳಗಿನ ಎಲುಬು ಬೇಯುತ್ತದೆ. ಕಾದದ್ದನ್ನು 10ರಿಂದ 15 ಸೆಕೆಂಡ್ ತಿರುಗಿಸಿದರೆ ಮೊಳಕೆಯ ಸುತ್ತ ತಾಮ್ರದ ಬಣ್ಣದ ಉಂಗುರ ಕಾಣುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಲಿಗ್ನೋಕೇನ್ ಕೆಲಸ ಮಾಡುವುದು ಒಂದರಿಂದ ಎರಡು ಗಂಟೆ ಮಾತ್ರ. ಡಾಕ್ಟರು ಹೊರಟುಹೋದ ಮೇಲೆ ಸುಟ್ಟಗಾಯದ ಉರಿ ಶುರುವಾಗುತ್ತದೆ: ಕರು ಕಿವಿ ಪಟಪಟ ಬಡಿಯುತ್ತದೆ, ತಲೆ ಕೊಡವುತ್ತದೆ, ಹಾಲಿಗೆ ಬರುವುದಿಲ್ಲ. ಆದ್ದರಿಂದ ಸುಡುವ ಮೊದಲೇ ಮೆಲಾಕ್ಸಿಕಾಮ್ ಎಂಬ ನೋವಿನ ಔಷಧ ಕೊಡಿಸಿ, ಕಿಲೋ ತೂಕಕ್ಕೆ 0.5 ಮಿ.ಗ್ರಾಂ. 40 ಕಿಲೋ ಕರುವಿಗೆ 20 ಮಿ.ಗ್ರಾಂ., ಅಂದರೆ ಮಿ.ಲೀ.ಗೆ 5 ಮಿ.ಗ್ರಾಂ. ಇರುವ ಬಾಟಲಿಯಲ್ಲಿ 4 ಮಿ.ಲೀ. ಈ ಎರಡನೇ ಇಂಜೆಕ್ಷನ್ ಅನ್ನು ಬಾಯಿಬಿಟ್ಟು ಕೇಳಿ. ಬಹಳ ಕಡೆ ಬಿಟ್ಟುಹೋಗುವುದು ಇದೇ.

ಮೊಳಕೆಗೆ ಉಜ್ಜಿ ಸುಡುವ ಕ್ಷಾರದ ಕಡ್ಡಿ (ಕಾಸ್ಟಿಕ್ ಕಡ್ಡಿ) ಸುಲಭ ಎಂದು ಅದರ ಮೊರೆ ಹೋಗಬೇಡಿ. ಮಳೆ ಬಂದರೆ ಅದು ಕರಗಿ ಕಣ್ಣಿಗೆ ಇಳಿಯುತ್ತದೆ, ಕರು ಹಾಲು ಕುಡಿಯುವಾಗ ತಾಯಿಯ ಕೆಚ್ಚಲು ಸುಡುತ್ತದೆ.

ಪ್ರಶ್ನೆ: ಮೇಕೆಮರಿಯ ಗಾಯಕ್ಕೆ ಹೊಲಿಗೆ ಹಾಕುವ ಮುಂಚೆ ಮರಗಟ್ಟುವ ಔಷಧ ಕೊಟ್ಟರು. ಮರಿ ನಡುಗಿ, ಫಿಟ್ಸ್ ಬಂದ ಹಾಗಾಗಿ ಸತ್ತಿತು. ಔಷಧ ಹಳೆಯದಿತ್ತೇ? – ಮುಳಬಾಗಿಲು

ಉತ್ತರ: ಮರಿಯನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೆ ನೀವು ಬರೆದ ಲಕ್ಷಣಗಳು ಲಿಗ್ನೋಕೇನ್ ಹೆಚ್ಚಾದಾಗ ಕಾಣುವಂಥವೇ. ಕುರಿ, ಮೇಕೆಗಳಲ್ಲಿ ಕಿಲೋ ತೂಕಕ್ಕೆ 5 ಮಿ.ಗ್ರಾಂ. ದಾಟಬಾರದು. ಶೇ 2ರ ಔಷಧದ ಒಂದು ಮಿ.ಲೀ.ನಲ್ಲಿ 20 ಮಿ.ಗ್ರಾಂ. ಇರುತ್ತದೆ. 20 ಕಿಲೋ ಮೇಕೆಗೆ ಗರಿಷ್ಠ 5 ಮಿ.ಲೀ., 3 ಕಿಲೋ ಮರಿಗೆ ಮುಕ್ಕಾಲು ಮಿ.ಲೀ. ಮಾತ್ರ. ಹಸುವಿಗೆ ಕೊಡುವ ಅಂದಾಜಿನಲ್ಲಿ ಮರಿಗೆ 3–4 ಮಿ.ಲೀ. ಏರಿಸಿದರೆ ಮಿತಿ ಎಷ್ಟೋ ಪಟ್ಟು ಮೀರುತ್ತದೆ. ಗಾಯ ದೊಡ್ಡದಿದ್ದರೆ ಅಷ್ಟೇ ಔಷಧಕ್ಕೆ ಸಮಪ್ರಮಾಣ ಸಲೈನ್ ಬೆರೆಸಿ ಹರಡಬೇಕು. ಪ್ರತಿ ಸಲ ಒತ್ತುವ ಮುಂಚೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡಬೇಕು, ರಕ್ತನಾಳಕ್ಕೆ ಹೋದರೆ ಸ್ವಲ್ಪವೂ ಅಪಾಯ. ಮರಿಯನ್ನು ತಕ್ಕಡಿಯಲ್ಲಿ ತೂಗಲು ಒಂದು ನಿಮಿಷ ಸಾಕು.

ಪ್ರಶ್ನೆ: ಹಸುವಿಗೆ ಸಿಜೇರಿಯನ್ ಮಾಡುವಾಗ ನಿಂತ ಹಾಗೇ ಎಚ್ಚರದಲ್ಲೇ ಹೊಟ್ಟೆ ಕೊಯ್ದರು. ನೋಡಲಾಗಲಿಲ್ಲ. ಪೂರ್ತಿ ಪ್ರಜ್ಞೆ ತಪ್ಪಿಸಬಾರದಿತ್ತೇ? – ಶಿರಾ

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೆ ಹಸುವಿಗೆ ಅದೇ ಕ್ಷೇಮ. ದೊಡ್ಡ ಹಸುವಿನ ಮೆಲುಕು ಹೊಟ್ಟೆಯಲ್ಲಿ ನೂರು ಲೀಟರಿಗೂ ಹೆಚ್ಚು ಮೇವು, ನೀರು ಇರುತ್ತದೆ. ಅಡ್ಡ ಕೆಡವಿ ಪ್ರಜ್ಞೆ ತಪ್ಪಿಸಿದರೆ ತೇಗು ನಿಂತು ಹೊಟ್ಟೆ ಉಬ್ಬುತ್ತದೆ, ಉಬ್ಬಿದ ಹೊಟ್ಟೆ ಶ್ವಾಸಕೋಶವನ್ನು ಒತ್ತುತ್ತದೆ, ಮೇವಿನ ರಸ ಗಂಟಲಿಗೆ ಬಂದು ಉಸಿರುನಾಳಕ್ಕೆ ಇಳಿಯುತ್ತದೆ. ಮೊದಲೇ ಗೊತ್ತಿರುವ ಶಸ್ತ್ರಚಿಕಿತ್ಸೆಗೆ ಒಂದು ದಿನ ಮೇವು ನಿಲ್ಲಿಸಬಹುದು. ಕರು ಸಿಕ್ಕಿಹಾಕಿಕೊಂಡ ಹಸುವಿಗೆ ಅಷ್ಟು ಸಮಯ ಎಲ್ಲಿದೆ?

ಆದ್ದರಿಂದ ಎಡಪಕ್ಕೆಯನ್ನಷ್ಟೇ ಮರಗಟ್ಟಿಸುತ್ತಾರೆ. ಬೆನ್ನೆಲುಬಿನ ಪಕ್ಕದಲ್ಲಿ, ಕೊನೆಯ ಪಕ್ಕೆಲುಬಿನ ನರಕ್ಕೂ ಸೊಂಟದ ಮೊದಲೆರಡು ನರಗಳಿಗೂ ತಲಾ 20 ಮಿ.ಲೀ. ಆಸುಪಾಸು ಲಿಗ್ನೋಕೇನ್ ಕೊಡುವುದು ಒಂದು ಕ್ರಮ. 10–15 ನಿಮಿಷದಲ್ಲಿ ಆ ಬದಿಯ ಚರ್ಮ ಬೆಚ್ಚಗಾಗಿ, ಪಕ್ಕೆ ಸಡಿಲಗೊಂಡು ಹೊರಬಾಗುತ್ತದೆ. ಹಸು ಬ್ಲೇಡಿಗೆ ಬೆಚ್ಚದೆ ನಿಂತಿದ್ದರೆ ಅದಕ್ಕೆ ಕೊಯ್ತ ತಿಳಿಯುತ್ತಿಲ್ಲ ಎಂದೇ ಅರ್ಥ. ಗರ್ಭಕೋಶವನ್ನು ಎಳೆಯುವಾಗ ಸ್ವಲ್ಪ ಇರುಸುಮುರುಸು ಆಗುವುದುಂಟು.

ಬಾಲದ ಬುಡಕ್ಕೆ ಕೊಡುವ ಇಂಜೆಕ್ಷನ್ ಬೇರೆ ಉದ್ದೇಶಕ್ಕೆ. ಬಾಲವನ್ನು ಪಂಪಿನ ಹಿಡಿಯಂತೆ ಮೇಲೆ ಕೆಳಗೆ ಆಡಿಸಿ, ಮೊದಲು ಚಲಿಸುವ ಗೆಣ್ಣನ್ನು ಬೆರಳಲ್ಲಿ ಗುರುತಿಸಿ, ಅಲ್ಲಿ 5 ಮಿ.ಲೀ. ಕೊಟ್ಟರೆ ಹಸು ತಿಣುಕುವುದನ್ನು ನಿಲ್ಲಿಸುತ್ತದೆ. ಹೊರಬಿದ್ದ ಗರ್ಭಕೋಶವನ್ನು ಒಳಸೇರಿಸುವಾಗ ಇದಿಲ್ಲದೆ ಕೈಹಾಕುವುದು ಹಸುವಿಗೂ ಹಿಂಸೆ, ಮಾಡುವವರಿಗೂ ಶ್ರಮ. ಔಷಧ ಹೆಚ್ಚಾದರೆ ಹಿಂಗಾಲು ಸ್ವಾಧೀನ ತಪ್ಪಿ ಹಸು ಬೀಳುತ್ತದೆ. ನುಣುಪು ಸಿಮೆಂಟ್ ನೆಲದಲ್ಲಿ ಬಿದ್ದ ಹಸು ಮತ್ತೆ ಏಳದೇ ಇರಬಹುದು. ನೆಲಕ್ಕೆ ಮೊದಲೇ ಮರಳು ಅಥವಾ ಗೋಣಿಚೀಲ ಹಾಸಿ. ತುಂಬುಗಬ್ಬದ ಹಸುವಿಗೆ ‘ಸ್ವಲ್ಪ ಮಂಪರು ಬರಲಿ’ ಎಂದು ಜೈಲಜೀನ್ ಕೊಡಿಸಲು ಒತ್ತಾಯಿಸಬೇಡಿ, ಅದು ಗರ್ಭಕೋಶವನ್ನು ಹಿಂಡುತ್ತದೆ. ದನಗಳಿಗೆ ಈ ಔಷಧ ತಾಗುವ ಪರಿಯೂ ಬೇರೆ. ಕುದುರೆಯ ಪ್ರಮಾಣದ ಹತ್ತನೇ ಒಂದು ಭಾಗವೇ ಸಾಕು.

ಪ್ರಶ್ನೆ: ಮುಧೋಳ ನಾಯಿಗೆ ಅರಿವಳಿಕೆ ಆಗಿಬರುವುದಿಲ್ಲ, ಎದ್ದೇಳುವುದೇ ಇಲ್ಲ ಅಂತಾರೆ. ನಮ್ಮ ಹೆಣ್ಣುನಾಯಿಗೆ ಸಂತಾನಹರಣ ಮಾಡಿಸಬಹುದೇ? ತೂಕ 22 ಕಿಲೋ. – ಜಮಖಂಡಿ

ಉತ್ತರ: ಧಾರಾಳವಾಗಿ ಮಾಡಿಸಿ. ಆ ಹೆದರಿಕೆಗೆ ಮೂಲ ಥಯೋಪೆಂಟಾಲ್ ಎಂಬ ಹಳೆಯ ಔಷಧ. ಅದರ ಮತ್ತು ಇಳಿಯುವುದು ಔಷಧ ರಕ್ತದಿಂದ ಸ್ನಾಯು, ಕೊಬ್ಬಿಗೆ ಹಂಚಿಹೋದಾಗ. ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಮ್ಮಿ, ಯಕೃತ್ತು ಅದನ್ನು ಕರಗಿಸುವುದೂ ನಿಧಾನ ಎಂಬುದು ಗ್ರೇಹೌಂಡ್‌ಗಳಲ್ಲಿ ಕಂಡುಬಂದಿದೆ. ಹಾಗಾಗಿ ಅವು ಗಂಟೆಗಟ್ಟಲೆ ಮಲಗುತ್ತವೆ. ಮುಧೋಳಕ್ಕೂ ಅದೇ ಎಚ್ಚರಿಕೆ ಇರಲಿ: ಥಯೋಪೆಂಟಾಲ್ ಬೇಡ, ಪ್ರೊಪೊಫಾಲ್ ಅಥವಾ ಕೆಟಮಿನ್–ಡಯಾಜಿಪಾಮ್ ಬಳಸಿ ಎಂದು ಕೇಳಿ. ಮುಂದಕ್ಕೆ ಐಸೊಫ್ಲುರೇನ್ ಅನಿಲ ಇದ್ದರೆ ಇನ್ನೂ ಒಳ್ಳೆಯದು.

ವಾರದ ಮುಂಚೆ ರಕ್ತಪರೀಕ್ಷೆ ಮಾಡಿಸಿ, ಪ್ಲೇಟ್‌ಲೆಟ್ ಸಹಿತ. ಉಣ್ಣೆಜ್ವರ ಒಳಗೇ ಇದ್ದರೆ ಪ್ಲೇಟ್‌ಲೆಟ್ ಕುಸಿದು ರಕ್ತ ನಿಲ್ಲುವುದಿಲ್ಲ. ಊಟ 6–8 ಗಂಟೆ ಮುಂಚೆ ನಿಲ್ಲಿಸಿ, ನೀರು 2 ಗಂಟೆ ಮುಂಚಿನವರೆಗೂ ಇರಲಿ. ಉಸಿರುನಾಳಕ್ಕೆ ಟ್ಯೂಬ್, ಆಮ್ಲಜನಕ, ಕೈನರಕ್ಕೆ ಕ್ಯಾನುಲಾ ಇರುವ ಆಸ್ಪತ್ರೆಯನ್ನೇ ಆರಿಸಿ. ಕೊಬ್ಬಿಲ್ಲದ ಮೈ ಬೇಗ ತಣ್ಣಗಾಗುತ್ತದೆ, ತಣ್ಣಗಾದ ನಾಯಿ ಏಳುವುದೂ ತಡ. ಕಂಬಳಿ ಹೊದಿಸಿ. ಬಿಸಿನೀರಿನ ಬಾಟಲಿಯನ್ನು ನೇರ ಮೈಗೆ ತಾಗಿಸಬೇಡಿ, ಸುಟ್ಟರೂ ಅದು ಕದಲಲಾರದು. ನೋವಿಗೆ ಮೆಲಾಕ್ಸಿಕಾಮ್ ಮೊದಲ ದಿನ ಕಿಲೋಗೆ 0.2 ಮಿ.ಗ್ರಾಂ., ನಂತರ 0.1. ನಿಮ್ಮ ನಾಯಿಗೆ 4.4, ಆಮೇಲೆ 2.2 ಮಿ.ಗ್ರಾಂ. ಆಗುತ್ತದೆ. ಊಟದ ಜೊತೆ ಕೊಡಿ. ವಾಂತಿ ಅಥವಾ ಕಪ್ಪು ಮಲ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಬೆಕ್ಕು ಕುಂಟುತ್ತಿದೆ. ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಕೊಡಬಹುದೇ? – ಬೆಂಗಳೂರು

ಉತ್ತರ: ಖಂಡಿತ ಕೊಡಬೇಡಿ, ಅಷ್ಟರಲ್ಲಿ ಬೆಕ್ಕು ಸಾಯಬಹುದು. ಈ ಔಷಧವನ್ನು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಮ್ಮಿ. ರಕ್ತ ಆಮ್ಲಜನಕ ಒಯ್ಯದಂತಾಗಿ ವಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ, ಪಂಜ ಊದುತ್ತವೆ. ಈಗಾಗಲೇ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಬೇಗ ಕೊಟ್ಟಷ್ಟೂ ಫಲ. ಐಬುಪ್ರೊಫೆನ್ ಕೂಡ ಬೇಡ, ನಾಯಿಗೂ ಬೇಡ.

ಪ್ರಶ್ನೆ: ಮೆಡಿಕಲ್ ಶಾಪಿನಲ್ಲಿ ಸಿಗುವ ಡೈಕ್ಲೊಫೆನಾಕ್ ಹಸುವಿನ ಬಾವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಡಾಕ್ಟರು ಯಾಕೆ ಬೇಡ ಅಂತಾರೆ? – ರಾಮನಗರ

ಉತ್ತರ: ಹಸುವಿಗೆ ಕೆಲಸ ಮಾಡುತ್ತದೆ, ನಿಜ. ಅದರ ಕಳೇಬರ ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತದೆ. ದೇಶದಲ್ಲಿ ರಣಹದ್ದುಗಳು ಬಹುತೇಕ ಅಳಿದದ್ದು ಹೀಗೆಯೇ. 2006ರಲ್ಲಿ ಪಶುಬಳಕೆಗೆ ಇದು ನಿಷೇಧವಾಯಿತು. ಮನುಷ್ಯರ ದೊಡ್ಡ ಬಾಟಲಿಗಳು ದನಗಳಿಗೆ ಹೋಗುತ್ತಿದ್ದುದರಿಂದ 2015ರಲ್ಲಿ ಇಂಜೆಕ್ಷನ್ ಅನ್ನು 3 ಮಿ.ಲೀ.ಗೆ ಸೀಮಿತಗೊಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಕೂಡ ಪಶುಬಳಕೆಗೆ ನಿಷೇಧವಾದವು. ನೀವಿರುವುದು ರಾಮದೇವರ ಬೆಟ್ಟದ ಆಸುಪಾಸಿನಲ್ಲಿ. ಅಲ್ಲಿನ ರಣಹದ್ದು ಧಾಮಕ್ಕೆ ನಿಮ್ಮ ಕೊಟ್ಟಿಗೆಯ ಒಂದೊಂದು ಸಿರಿಂಜೂ ಲೆಕ್ಕಕ್ಕೆ ಬರುತ್ತದೆ.

ಬದಲಿಗೆ ಮೆಲಾಕ್ಸಿಕಾಮ್ ಅಥವಾ ಟಾಲ್ಫೆನಾಮಿಕ್ ಆಸಿಡ್ ಕೇಳಿ. ಎರಡೂ ರಣಹದ್ದಿಗೆ ಸುರಕ್ಷಿತವೆಂದು ಪರೀಕ್ಷೆಯಲ್ಲಿ ಕಂಡಿವೆ. 400 ಕಿಲೋ ಹಸುವಿಗೆ ಮೆಲಾಕ್ಸಿಕಾಮ್ 200 ಮಿ.ಗ್ರಾಂ. ಬೇಕು: ಮಿ.ಲೀ.ಗೆ 5 ಮಿ.ಗ್ರಾಂ. ಇರುವ ಬಾಟಲಿಯಲ್ಲಿ 40 ಮಿ.ಲೀ., 20 ಮಿ.ಗ್ರಾಂ. ಇರುವುದರಲ್ಲಿ 10 ಮಿ.ಲೀ. ‘ಕೆಲಸ ಮಾಡಲಿಲ್ಲ’ ಎನ್ನುವ ಎಷ್ಟೋ ಕಡೆ ಕಮ್ಮಿ ಶಕ್ತಿಯ ಬಾಟಲಿಯಿಂದ 10 ಮಿ.ಲೀ. ಮಾತ್ರ ಹೋಗಿರುತ್ತದೆ. ಔಷಧ ಕೊಟ್ಟ ಮೇಲೆ ಹಾಲನ್ನು ಡೇರಿಗೆ ಎಷ್ಟು ದಿನ ಹಾಕಬಾರದೆಂದು ಲೇಬಲ್ ನೋಡಿ. ಯುರೋಪಿನ ಲೇಬಲ್‌ಗಳಲ್ಲಿ ಮೆಲಾಕ್ಸಿಕಾಮ್‌ಗೆ 5 ದಿನ ಎಂದಿದೆ.