ಕೆಂಪು ಚುಕ್ಕೆ ಯಾರ ಹೊಲದ್ದು?

ಸಿಂಧನೂರು ತಾಲೂಕಿನ ಓದುಗರ ಪತ್ರ: ‘ನವೆಂಬರ್ ಕೊನೆಗೆ, ನೆಲ್ಲು ಮಷಿನ್‌ನಿಂದ ಕೊಯ್ಸಿದ ಮೇಲೆ ನಾಲ್ಕು ಎಕರೆ ಹುಲ್ಲಿಗೆ ಸಂಜೆ ಆರಕ್ಕೆ ಬೆಂಕಿ ಹಚ್ಚಿದೆವು. ಉಪಗ್ರಹಕ್ಕೆ ಬೆಂಕಿ ಕಂಡಲ್ಲಿ ಕೆಂಪು ಚುಕ್ಕೆ ಇಡುವ ನಾಸಾದ ಫರ್ಮ್ಸ್ ನಕ್ಷೆಯಲ್ಲಿ ಏನೂ ಕಾಣಲಿಲ್ಲ. ಮರುದಿನ ಮಧ್ಯಾಹ್ನ ಪಕ್ಕದವರು ಸುಟ್ಟರು, ಚುಕ್ಕೆ ನಮ್ಮ ಹೊಲದ ಮೇಲೆ ಬಿತ್ತು. ಇದನ್ನು ನಂಬುವುದು ಹೇಗೆ?’

ಉತ್ತರ: ಉಪಗ್ರಹ ನಿಮ್ಮನ್ನು ಬಿಟ್ಟದ್ದಕ್ಕೆ ಹೊತ್ತು ಕಾರಣ, ಪಕ್ಕದವರ ಬೆಂಕಿಯ ಚುಕ್ಕೆ ನಿಮ್ಮ ಹೊಲಕ್ಕೆ ಬಂದದ್ದಕ್ಕೆ ಉಪಗ್ರಹ ಚಿತ್ರದ ಒಂದೊಂದು ಚೌಕದ (ಪಿಕ್ಸೆಲ್) ಅಳತೆ ಕಾರಣ.

ಬೆಂಕಿ ಗುರುತಿಸುವ ವೀರ್ಸ್ ಉಪಕರಣವಿರುವ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ಒಣ ಹುಲ್ಲಿನ ಬೆಂಕಿ ಗಂಟೆಯೊಳಗೆ ತಣ್ಣಗಾಗುತ್ತದೆ. ಆರಕ್ಕೆ ಹಚ್ಚಿದ್ದು ರಾತ್ರಿಯ ಸರದಿಗೆ ಬರೀ ಬೂದಿ. ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಅರ್ಧ ಗಂಟೆಗೊಮ್ಮೆ ನೋಡುತ್ತದೆ ನಿಜ, ಆದರೆ ಅದರ ಬೆಂಕಿ ಕಾಣುವ ಬೆಳಕಿನ ಪಟ್ಟಿಯ (ಬ್ಯಾಂಡ್) ಒಂದು ಚೌಕ 4 ಕಿ.ಮೀ. ಅಗಲ, ಅಂದರೆ ಸುಮಾರು 4,000 ಎಕರೆ. ಅದರೊಳಗೆ ನಾಲ್ಕು ಎಕರೆಯ ಶಾಖ ಕರಗಿಹೋಗುತ್ತದೆ.

ವೀರ್ಸ್‌ನ ಚೌಕ 375 ಮೀಟರ್, ಸುಮಾರು 35 ಎಕರೆ. ಅದರ ಯಾವ ಮೂಲೆ ಉರಿದರೂ ಚುಕ್ಕೆ ಬೀಳುವುದು ನಟ್ಟನಡುವೆ. ಉಪಗ್ರಹ ಓರೆಯಾಗಿ ನೋಡಿದ ದಿನ ಚೌಕ 800 ಮೀಟರ್‌ವರೆಗೂ ಹಿಗ್ಗುತ್ತದೆ. ಚುಕ್ಕೆ ನೋಡಿ ಸರ್ವೆ ನಂಬರ್ ಬರೆಯುವುದು ತಪ್ಪು, ಅದರ ಮೇಲೆ ದಂಡ ಹಾಕಿದರಂತೂ ಅನ್ಯಾಯ.

ಫರ್ಮ್ಸ್‌ನಿಂದ ಚುಕ್ಕೆಗಳ ಯಾದಿ ಇಳಿಸಿಕೊಂಡರೆ ಸಮಯದ ಅಂಕಣ ಮೊದಲು ನೋಡಿ. ಅದು ಗ್ರೀನ್‌ವಿಚ್ ಲೆಕ್ಕ. ಐದೂವರೆ ಗಂಟೆ ಕೂಡಿಸಬೇಕು. 805 ಎಂದಿದ್ದರೆ ನಮ್ಮ ಮಧ್ಯಾಹ್ನ 1:35. ವಿಶ್ವಾಸದ ಅಂಕಣದಲ್ಲಿ ‘ಲೋ’ (ಕಡಿಮೆ) ಎಂದಿರುವ ಹಗಲಿನ ಚುಕ್ಕೆಗಳನ್ನು ಬದಿಗಿಡಿ. ವರ್ಷವಿಡೀ ಒಂದೇ ಜಾಗದಲ್ಲಿ ಮರುಕಳಿಸುವುದು ಹೊಲವಲ್ಲ. ತೋರಣಗಲ್ಲಿನಂಥ ಕಡೆ ಅದು ಉಕ್ಕಿನ ಕಾರ್ಖಾನೆಯ ಕುಲುಮೆಯ ಶಾಖ.

ಹೊಲ ಯಾವುದೆಂದು ತಿಳಿಯಲು ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಬೇಕು. ಸುಮಾರು ಐದು ದಿನಕ್ಕೊಮ್ಮೆ ಬರುತ್ತದೆ, ಪುಕ್ಕಟೆ. ಅದನ್ನು ತೋರಿಸುವ ಕೋಪರ್ನಿಕಸ್ ಬ್ರೌಸರ್ ಜಾಲತಾಣದಲ್ಲಿ ಬೆಂಕಿಗೆ ಮುಂಚಿನದೊಂದು, ಆಮೇಲಿನದೊಂದು ತೆರೆದು, 12, 8ಎ, 4ನೇ ಬೆಳಕಿನ ಪಟ್ಟಿಗಳನ್ನು ಕೂಡಿಸಿ ಪಕ್ಕಪಕ್ಕ ಇಡಿ. 20 ಮೀಟರ್ ಸೂಕ್ಷ್ಮತೆಯಲ್ಲಿ ನಾಲ್ಕು ಎಕರೆ ಎಂದರೆ ನಲವತ್ತು ಚೌಕ. ಬದುವಿನ ಗೆರೆಯೂ ಅಂದಾಜಿಗೆ ಸಿಗುತ್ತದೆ.

ಇಲ್ಲಿ ನಮ್ಮ ಎರೆ ಮಣ್ಣು ಮೋಸ ಮಾಡುತ್ತದೆ. ಹೊಸದಾಗಿ ರಂಟೆ ಹೊಡೆದ ಎರೆ ಹೊಲ ಸುಟ್ಟದ್ದರಷ್ಟೇ ಕಪ್ಪು. ಹಾಗಾಗಿ ಹತ್ತಿರದಲ್ಲಿ ಅದೇ ದಿನಗಳ ಚುಕ್ಕೆ ಇಲ್ಲದಿದ್ದರೆ, ಕಪ್ಪು ಕಂಡಿತೆಂದು ಸುಟ್ಟಿದ್ದಾರೆ ಎನ್ನಬೇಡಿ. ಎರಡನೇ ಬೆಳೆಗೆ ಕಾಲುವೆ ನೀರು ಕಟ್ಟಿ ಕೆಸರು ಮಾಡಿದರೆ ಗುರುತೇ ಅಳಿಯುತ್ತದೆ. ನಿಮ್ಮಿಬ್ಬರ ಹೊಲಕ್ಕೂ ನೀರು ಹರಿಯುವ ಮುಂಚಿನ, ಮೋಡವಿಲ್ಲದ ಚಿತ್ರವನ್ನೇ ಆರಿಸಿಕೊಳ್ಳಿ.