ಮೆಲ್ಬರ್ನ್‌ಗೆ ಏನು ತರಬೇಕು, ಏನು ಬಿಟ್ಟು ಬರಬೇಕು

ಜನವರಿಯಲ್ಲಿ ದಾವಣಗೆರೆಯಿಂದ ಮೆಲ್ಬರ್ನ್‌ಗೆ ಹೊರಟಿದ್ದೀರಿ. ಕಂಪನಿಯವರು ಮಾಡಿಸಿಕೊಟ್ಟ 482 ಅನ್ನುವ ಕೆಲಸದ ವೀಸಾ, ಜೊತೆಗೆ ನಿಮ್ಮ ಮನೆಯವರು ಮತ್ತು ನಾಲ್ಕು ವರ್ಷದ ಮಗಳು. ನೀವು ಮೂರು ವಿಷಯ ಕೇಳಿದ್ದೀರಿ. ಸೂಟ್‌ಕೇಸಿನಲ್ಲಿ ತಿನ್ನುವ ಸಾಮಾನು ಏನೇನು ತರಬಹುದು? ಮನೆ ಸಾಮಾನನ್ನು ಹಡಗಿನಲ್ಲಿ ಹಾಕಿಸಬಹುದಾ? ಆಮೇಲೆ, ನಿಮ್ಮ ಮನೆಯವರು ಇಳಕಲ್‌ನಿಂದ ಸೀರೆ ತರಿಸಿ ಇಲ್ಲಿ ಮಾರಬಹುದಾ? ನಾನು ಹಾಸನದ ಕಡೆಯವನು, ಇಲ್ಲಿಗೆ ಬಂದು 14 ವರ್ಷ ಆಯಿತು. ಈ ಮೂರರಲ್ಲೂ ಕೈ ಸುಟ್ಟುಕೊಂಡು ಕಲಿತಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ವಿಮಾನದಲ್ಲಿ ಒಂದು ಕಾರ್ಡ್ ಕೊಡುತ್ತಾರೆ. ಆಹಾರ ಇದೆಯಾ, ಗಿಡದಿಂದ ಬಂದದ್ದು ಇದೆಯಾ, ಪ್ರಾಣಿಯಿಂದ ಬಂದದ್ದು ಇದೆಯಾ, ಮರದ ಸಾಮಾನು ಇದೆಯಾ ಅಂತ ಕೇಳಿರುತ್ತದೆ. ಒಂದು ಚಿಟಿಕೆ ಅನುಮಾನ ಇದ್ದರೂ ‘ಹೌದು’ ಅಂತ ಗುರುತು ಹಾಕಿ. ಪರ್ಸಿನಲ್ಲಿ ಒಂದು ಏಲಕ್ಕಿ ಇದ್ದರೂ ಹೌದು. ಹೌದು ಅಂತ ಹಾಕಿ ನಿಜ ಹೇಳಿದವರಿಗೆ ದಂಡ ಇಲ್ಲ. ತರಬಾರದ ವಸ್ತು ಸಿಕ್ಕರೆ ತೆಗೆದುಕೊಂಡು ಡಬ್ಬಕ್ಕೆ ಹಾಕುತ್ತಾರೆ, ನಿಮ್ಮನ್ನು ಕಳಿಸುತ್ತಾರೆ, ಅಷ್ಟೇ. ‘ಇಲ್ಲ’ ಅಂತ ಹಾಕಿ ಸಿಕ್ಕಿಬಿದ್ದರೆ ಬೇರೆಯದೇ ಕಥೆ. ಅಲ್ಲೇ ಹಾಕುವ ದಂಡ ಸಾವಿರಾರು ಡಾಲರ್‌ವರೆಗೂ ಹೋಗುತ್ತದೆ (ನಾನು ಹೇಳುವ ಡಾಲರ್ ಎಲ್ಲ ಆಸ್ಟ್ರೇಲಿಯಾದ್ದು). ದುಡ್ಡು ಹೇಗೋ ಕಟ್ಟಬಹುದು, ಆದರೆ ನಿಮ್ಮದು ತಾತ್ಕಾಲಿಕ ವೀಸಾ, ಅಂಥವರ ವೀಸಾವನ್ನೇ ರದ್ದು ಮಾಡಿ ವಾಪಸ್ ಕಳಿಸುವ ಅಧಿಕಾರ ಇವರಿಗೆ ಇದೆ. ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ರಾತ್ರಿ ನಿದ್ದೆ ಇಲ್ಲದೆ ಇಳಿದು, ‘ಇರಲಿ ಬಿಡು, ಯಾರು ನೋಡ್ತಾರೆ’ ಅಂತ ಅನ್ನಿಸುವ ಹೊತ್ತು ಅದು. ಅನ್ನಿಸಿದರೂ ಹಾಗೆ ಮಾಡಬೇಡಿ. ಎಕ್ಸ್‌ರೇ ಇದೆ, ಲ್ಯಾಬ್ರಡಾರ್ ನಾಯಿಗಳಿವೆ. ನಾಯಿ ಬಂದು ನಿಮ್ಮ ಚೀಲದ ಪಕ್ಕ ಸುಮ್ನೆ ಕೂತುಬಿಡುತ್ತದೆ.

ನಾವೆಲ್ಲ ಒಟ್ಟಾಗಿ ‘ಕಸ್ಟಮ್ಸ್’ ಅಂತ ಕರೆಯುವುದು ನಿಜವಾಗಿ ಎರಡು ಕೆಲಸ. ಸುಂಕ, ತೆರಿಗೆ, ನಿಷೇಧಿತ ವಸ್ತು ನೋಡುವವರು ಬಾರ್ಡರ್ ಫೋರ್ಸ್. ಹುಳ, ಬೀಜ, ರೋಗ ನೋಡುವವರು ಕೃಷಿ ಇಲಾಖೆಯ ಬಯೋಸೆಕ್ಯುರಿಟಿಯವರು. ನಮ್ಮಂಥವರಿಗೆ ತಲೆನೋವು ಬರುವುದು ಜಾಸ್ತಿ ಎರಡನೆಯವರಿಂದ, ಯಾಕೆಂದರೆ ನಾವು ತರುವುದೆಲ್ಲ ತಿನ್ನುವುದೇ ಅಲ್ವಾ.

ಈಗ ನಿಮ್ಮ ಪಟ್ಟಿಗೆ ಬರುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಎರಡು ಕೆಜಿ ಅಂತ ಬರೆದಿದ್ದೀರಿ. ಬಿಟ್ಟು ಬನ್ನಿ. ಒಣಮೆಣಸಿನಕಾಯಿ, ಅಕ್ಕಿ, ತೊಗರಿ, ಹೆಸರು, ಕಡಲೆ, ಅಲಸಂದೆ, ಜೀರಿಗೆ, ಕೊತ್ತಂಬರಿ ಬೀಜ, ಹಸಿ ಕಡಲೆಕಾಯಿ, ಇವನ್ನೆಲ್ಲ 2020ರ ಅಕ್ಟೋಬರ್‌ನಿಂದ ಪ್ರಯಾಣಿಕರ ಚೀಲದಲ್ಲೂ ಅಂಚೆಯಲ್ಲೂ ಬಿಡುವುದಿಲ್ಲ. ಕಾರಣ ಖಾಪ್ರಾ ಅನ್ನುವ ಪುಟ್ಟ ಜೀರುಂಡೆ. ಉಗ್ರಾಣದ ಧಾನ್ಯ ತಿನ್ನುವ ಹುಳ ಇದು, ನಮ್ಮ ಕಡೆ ಗೋದಾಮುಗಳಲ್ಲಿ ಮಾಮೂಲಿ. ಮರಿಹುಳ ಸಂದಿಯಲ್ಲಿ ಸೇರಿಕೊಂಡು ಏನೂ ತಿನ್ನದೆ ವರ್ಷಗಟ್ಟಲೆ ಬದುಕುತ್ತದೆ, ಔಷಧಿಗೂ ಸುಲಭಕ್ಕೆ ಬಗ್ಗುವುದಿಲ್ಲ. 2020ರಲ್ಲಿ ಹೊರದೇಶದಿಂದ ಬಂದ ಫ್ರಿಜ್ ಪೆಟ್ಟಿಗೆಯಲ್ಲೂ ಮಕ್ಕಳ ಊಟದ ಕುರ್ಚಿಯಲ್ಲೂ ಈ ಹುಳ ಸಿಕ್ಕಿ ಇಡೀ ದೇಶದಲ್ಲಿ ಹುಡುಕಾಟ ಆಯಿತು. ಗೋಧಿ ಬೆಳೆದು ಹೊರದೇಶಕ್ಕೆ ಮಾರುವ ನಾಡು ಇದು, ಹೆದರಿಕೆ ಸಹಜ. ನಿಮಗೆ ಬ್ಯಾಡಗಿ ಇಲ್ಲದೆ ಸಾರು ಮಾಡಬೇಕಾಗುತ್ತದೆ ಅನ್ನುವ ಚಿಂತೆ ಬೇಡ. ಟಾರ್ನೀಟ್, ಪಾಯಿಂಟ್ ಕುಕ್ ಕಡೆಯ ಯಾವ ಇಂಡಿಯನ್ ಅಂಗಡಿಗೆ ಹೋದರೂ ಬೇಳೆ, ಜೀರಿಗೆ, ಮೆಣಸಿನಕಾಯಿ ಎಲ್ಲ ಇರುತ್ತದೆ. ಆಮದು ಮಾಡುವವರು ಪರೀಕ್ಷೆ, ಹುಳ ಸಾಯಿಸುವ ಧೂಮೀಕರಣ ಎಲ್ಲ ಮುಗಿಸಿ ತಂದಿರುತ್ತಾರೆ.

ಮೈಸೂರು ಪಾಕ್, ಧಾರವಾಡ ಪೇಡ, ಬರ್ಫಿ, ಬೇಸನ್ ಲಾಡು, ಜಾಮೂನು, ಇವೂ ಬೇಡ. ಹಾಲು, ಬೆಣ್ಣೆ, ತುಪ್ಪ ಸೇರಿದ ನಮ್ಮ ಸಿಹಿಯನ್ನು ಇಲ್ಲಿ ಬಿಡುವುದಿಲ್ಲ. ಇದಕ್ಕೆ ಕಾರಣ ನಮ್ಮ ಹಳ್ಳಿಯವರಿಗೆಲ್ಲ ಗೊತ್ತಿರುವ ಕಾಲುಬಾಯಿ ಜ್ವರ. ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಎತ್ತಿಗೆ ಬಂದಿತ್ತು. ಬಾಯಿ ತುಂಬ ಹುಣ್ಣು, ಜೊಲ್ಲು ಸುರಿಸಿಕೊಂಡು ಹುಲ್ಲಿನ ಮುಂದೆ ನಿಂತಿರುತ್ತಿತ್ತು, ತಿನ್ನಲು ಆಗುತ್ತಿರಲಿಲ್ಲ. ಅಪ್ಪ ಗೊರಸಿನ ಸಂದಿಗೆ ಔಷಧಿ ಹಚ್ಚುವಾಗ ನಾನು ಹಗ್ಗ ಹಿಡಿದುಕೊಂಡಿದ್ದೆ. ಆ ರೋಗ ಆಸ್ಟ್ರೇಲಿಯಾದಲ್ಲಿ ಕೊನೆಗೆ ಕಂಡದ್ದು 1872ರಲ್ಲಿ. 2022ರಲ್ಲಿ ಇಂಡೊನೇಷ್ಯಾದಲ್ಲಿ ಕಾಣಿಸಿಕೊಂಡು ಬಾಲಿಯವರೆಗೆ ಬಂದಾಗ, ಇಲ್ಲಿನ ವಿಮಾನ ನಿಲ್ದಾಣಗಳಲ್ಲಿ ಔಷಧಿ ನೆನೆಸಿದ ಮ್ಯಾಟ್ ಹಾಸಿ, ಅಲ್ಲಿಂದ ಬಂದವರನ್ನೆಲ್ಲ ಅದರ ಮೇಲೆ ನಡೆಸಿದರು. ‘ನಮ್ಮ ಸಿಹಿ ಇವರಿಗೆ ಕೊಳಕು’ ಅಂತ ಬೇಜಾರು ಮಾಡಿಕೊಳ್ಳುವವರನ್ನು ನೋಡಿದ್ದೇನೆ. ನನಗೆ ಹಾಗೆ ಅನ್ನಿಸಿಲ್ಲ. ಆ ಎತ್ತನ್ನು ನೋಡಿದವರಿಗೆ ಈ ನಿಯಮ ಅರ್ಥವಾಗುತ್ತದೆ.

ಅಮ್ಮನ ಉಪ್ಪಿನಕಾಯಿ ಬಗ್ಗೆ ಖಚಿತವಾಗಿ ಹೇಳಲಾರೆ. ನನ್ನ ಅಮ್ಮ ಕೊಟ್ಟದ್ದು ಒಮ್ಮೆ ದಾಟಿತು, ಒಮ್ಮೆ ದಾಟಲಿಲ್ಲ. ಅಧಿಕಾರಿ ನೋಡಿ ತೀರ್ಮಾನ ಮಾಡುತ್ತಾರೆ. ಕಂಪನಿ ಮುಚ್ಚಳ ಹಾಕಿ, ಒಳಗೆ ಏನಿದೆ ಅಂತ ಅಚ್ಚು ಹಾಕಿದ ಬಾಟಲಿ ಆದರೆ ಮಾತು ಬೇಗ ಮುಗಿಯುತ್ತದೆ. ಎಲ್ಲ ತಿಂಡಿಯನ್ನೂ ಒಂದೇ ಚೀಲದಲ್ಲಿ, ಮೇಲ್ಗಡೆ ಸಿಗುವ ಹಾಗೆ ಇಡಿ, ಬಟ್ಟೆಯ ಮಧ್ಯೆ ತುರುಕಬೇಡಿ. ಕರಿಬೇವು, ವೀಳ್ಯದೆಲೆ, ಹೂವು, ಹಣ್ಣು, ಬಿತ್ತುವ ಬೀಜ ಬೇಡವೇ ಬೇಡ. ವಿಮಾನದಲ್ಲಿ ಕೊಟ್ಟ ಹಣ್ಣನ್ನೂ ಇಳಿಯುವ ಮುಂಚೆ ತಿಂದು ಮುಗಿಸಿ. ಔಷಧಿ ಮೂರು ತಿಂಗಳಿಗೆ ಆಗುವಷ್ಟು, ಡಾಕ್ಟರ್ ಚೀಟಿ ಸಮೇತ. ನೀವು ಕ್ರಿಕೆಟ್ ಆಡುತ್ತೀರಿ ಅಂದಿರಿ, ಶೂಗಳ ಮಣ್ಣನ್ನು ಬ್ರಷ್ ಹಾಕಿ ಪೂರ್ತಿ ತೊಳೆದು ಒಣಗಿಸಿ ತನ್ನಿ. ಹತ್ತು ಸಾವಿರ ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ನಗದು ಇದ್ದರೆ ಅದನ್ನೂ ಹೇಳಬೇಕು. ಹೊಸ ಸಾಮಾನು, ಉಡುಗೊರೆ ಅಂತ ತರುವುದಕ್ಕೆ ದೊಡ್ಡವರಿಗೆ ತಲಾ 900 ಡಾಲರ್, ಮಗಳ ಲೆಕ್ಕಕ್ಕೆ 450 ಡಾಲರ್‌ವರೆಗೆ ಸುಂಕ ಇಲ್ಲ.

ಇನ್ನು ಹಡಗು.

ನಾನು ಬಂದಾಗ ಆರು ಪೆಟ್ಟಿಗೆ ಹಾಕಿಸಿದ್ದೆ. ಬೆಂಗಳೂರಿನ ಒಬ್ಬ ಏಜೆಂಟ್ ‘ಎಲ್ಲ ಸೇರಿ ಇಷ್ಟು, ಮೆಲ್ಬರ್ನ್‌ವರೆಗೆ’ ಅಂದರು. ಬಹಳ ಕಡಿಮೆ ಅನ್ನಿಸಿ ಒಪ್ಪಿಕೊಂಡೆ. ಮೆಲ್ಬರ್ನ್‌ವರೆಗೆ ಅಂದರೆ ಮೆಲ್ಬರ್ನ್ ಬಂದರಿನವರೆಗೆ ಮಾತ್ರ, ಮನೆಯವರೆಗೆ ಅಲ್ಲ ಅಂತ ಗೊತ್ತಾದದ್ದು ಎರಡು ತಿಂಗಳು ಕಳೆದು ಇಲ್ಲಿನ ಏಜೆಂಟ್ ಫೋನ್ ಮಾಡಿದಾಗ. ಕಂಟೇನರ್ ಬಿಚ್ಚುವ ಖರ್ಚು, ಕಾಗದ ಪತ್ರದ ಖರ್ಚು, ತಪಾಸಣೆ ಖರ್ಚು, ಗೋದಾಮಿನಲ್ಲಿ ದಿನದ ಬಾಡಿಗೆ. ಎಲ್ಲ ಕೂಡಿದರೆ ಬೆಂಗಳೂರಿನಲ್ಲಿ ಕೊಟ್ಟಷ್ಟೇ ಇಲ್ಲೂ ಆಯಿತು. ನೀವು ಹಾಕಿಸುವುದಾದರೆ ‘ಮನೆ ಬಾಗಿಲಿಗೆ, ಇಲ್ಲಿನ ಬಂದರು ಖರ್ಚು, ತಪಾಸಣೆ ಎಲ್ಲ ಸೇರಿ’ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿ ಮಾತು ನಂಬಬೇಡಿ.

ನಿಯಮ ನಮಗೆ ಅನುಕೂಲವಾಗಿಯೇ ಇದೆ. ಹೊರಡುವ ಮುಂಚೆ 12 ತಿಂಗಳು ನಿಮ್ಮದೇ ಆಗಿದ್ದು, ನೀವೇ ಬಳಸಿದ ಮನೆ ಸಾಮಾನಿಗೆ ಸುಂಕವೂ ಇಲ್ಲ, ತೆರಿಗೆಯೂ ಇಲ್ಲ. ಬಿ534 ಅನ್ನುವ ಫಾರಂ ತುಂಬಿ, ಪಾಸ್‌ಪೋರ್ಟ್ ಪ್ರತಿ ಕೊಡಬೇಕು. ಹೊರಡುವ ಹಿಂದಿನ ವಾರ ಕೊಂಡ ಹೊಸ ಮಿಕ್ಸಿ, ಗ್ರೈಂಡರ್ ಈ ಲೆಕ್ಕಕ್ಕೆ ಬರುವುದಿಲ್ಲ. ಪೆಟ್ಟಿಗೆ ಪೆಟ್ಟಿಗೆಗೂ ಒಂದು ನಂಬರ್ ಹಾಕಿ, ಒಳಗೆ ಏನಿದೆ ಅಂತ ನೀವೇ ಪಟ್ಟಿ ಬರೆಯಿರಿ. ಪ್ಯಾಕ್ ಮಾಡುವವರು ‘ಹೌಸ್‌ಹೋಲ್ಡ್ ಐಟಮ್ಸ್’ ಅಂತ ಗೀಚಿಬಿಡುತ್ತಾರೆ, ಅದು ಸಾಲದು. ಹಣ್ಣಿನ, ಮೊಟ್ಟೆಯ ಹಳೇ ರಟ್ಟಿನ ಪೆಟ್ಟಿಗೆ ಬಳಸಬೇಡಿ, ಪಾತ್ರೆ ಸುತ್ತಲು ಹುಲ್ಲು ಹಾಕಬೇಡಿ, ಗೋಣಿಚೀಲವಂತೂ ಹತ್ತಿರಕ್ಕೂ ತರಬೇಡಿ. ತೆಂಗಿನ ಗರಿಯ ಪೊರಕೆ, ಬಿದಿರಿನ ಮೊರ, ಅಲ್ಲೇ ಬಿಡಿ. ಮನೆಯಲ್ಲಿ ನೂರು ವರ್ಷ ದಾಟಿದ ಕಂಚಿನ ವಿಗ್ರಹ ಅಥವಾ ಎಪ್ಪತ್ತೈದು ವರ್ಷ ದಾಟಿದ ತಾಳೆಗರಿ ಗ್ರಂಥ ಇದ್ದರೆ ಅದು ಇಲ್ಲಿಯ ತಕರಾರಲ್ಲ, ನಮ್ಮ ದೇಶದ 1972ರ ಕಾಯಿದೆಯೇ ಹೊರಗೆ ಕಳಿಸಲು ಬಿಡುವುದಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಅಜ್ಜಿಯ ಅಳಗುಳಿ ಮಣೆ ಇತ್ತು. ಹದಿನಾಲ್ಕು ಗುಳಿಯದ್ದು, ಕೈ ತಾಗಿ ತಾಗಿ ಅಂಚೆಲ್ಲ ನುಣುಪಾಗಿತ್ತು. ಜೊತೆಗೆ ಒಂದು ಬಟ್ಟೆ ಗಂಟಿನಲ್ಲಿ ಹುಣಸೆ ಬೀಜ. ಪಟ್ಟಿಯಲ್ಲಿ ನಾನು ಎರಡನ್ನೂ ಬರೆದಿದ್ದೆ. ತಪಾಸಣೆ ಮಾಡಿದಾಕೆ ಮಣೆಯನ್ನು ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಅದರ ಮೇಲೆ ಬೋರಲು ಹಿಡಿದು ಅಂಗೈಯಿಂದ ಎರಡು ಸಲ ತಟ್ಟಿದರು. ಸಣ್ಣ ರವೆಯ ಹಾಗೆ ಹಳದಿ ಪುಡಿ ಉದುರಿತು. ಟಾರ್ಚ್ ಹಾಕಿ ಗುಳಿಯ ಪಕ್ಕ ತೋರಿಸಿದರು, ಸೂಜಿ ಮೊನೆಯಷ್ಟು ಎರಡು ತೂತು. ಕುಟ್ಟೆ ಹುಳ. ಮನೆಯಲ್ಲಿ ಇಷ್ಟು ವರ್ಷ ಇದ್ದ ಮಣೆ, ನಾನು ಒಂದು ದಿನವೂ ನೋಡಿರಲಿಲ್ಲ. ನಾಶ ಮಾಡುವುದಾ, ವಾಪಸ್ ಕಳಿಸುವುದಾ, ಧೂಮೀಕರಣ ಮಾಡಿಸುವುದಾ ಅಂತ ಕೇಳಿದರು. ಮಾಡಿಸಿ ಅಂದೆ. ಆ ದುಡ್ಡಿಗೆ ಇಲ್ಲಿ ಒಳ್ಳೆಯ ಊಟದ ಮೇಜು ಬರುತ್ತಿತ್ತು, ಆದರೂ ಕೊಟ್ಟೆ. ಬೀಜ ಮಾತ್ರ ವಾಪಸ್ ಸಿಗಲಿಲ್ಲ. ಈಗ ನನ್ನ ಮಕ್ಕಳು ಅಂಗಿಯ ಗುಂಡಿ ಹಾಕಿ ಆಡುತ್ತಾರೆ.

ಹಾಗಾಗಿ ಮರದ ಸಾಮಾನು ತರಬೇಡಿ ಅಂತ ಹೇಳುವುದಿಲ್ಲ. ಮಗಳ ಚನ್ನಪಟ್ಟಣದ ಗೊಂಬೆಗಳನ್ನು ತನ್ನಿ. ಮುಂಚೆಯೇ ಬಿಸಿಲಿಗೆ ಹಿಡಿದು, ತಟ್ಟಿ, ತೂತು ಇದೆಯಾ ನೋಡಿ, ತೊಗಟೆ ಅಂಟಿಕೊಂಡಿದ್ದರೆ ಬಿಡಿ, ಕಾರ್ಡಿನಲ್ಲಿ ಬರೆಯಿರಿ. ಮಂಚ, ಬೀರು, ಸೋಫಾ ಮಾತ್ರ ಬೇಡ. ಇಲ್ಲಿ ಸೆಕೆಂಡ್ ಹ್ಯಾಂಡ್ ಸಾಮಾನು ಅಗ್ಗ, ಊರು ಬಿಟ್ಟು ಹೋಗುವವರು ಬಿಟ್ಟಿಯಾಗಿಯೂ ಕೊಡುತ್ತಾರೆ. ಹಡಗಿನ ಖರ್ಚು ಹಾಕುವುದಾದರೆ ಹಾಕಿದ್ದಕ್ಕೆ ಬೆಲೆ ಇರುವ ಸಾಮಾನಿಗೆ ಹಾಕಿ: ಹಿತ್ತಾಳೆ ಪಾತ್ರೆ, ಪುಸ್ತಕ, ಅಜ್ಜಿಯ ಯಾವುದೋ ಒಂದು.

ಸೀರೆ ವ್ಯಾಪಾರ. ಇದು ಆಗುವ ಕೆಲಸ, ಆದರೆ ಹೆಸರು ನಿಮ್ಮದು ಬೇಡ. 482ರಲ್ಲಿ ನೀವು ನಿಮ್ಮ ಕಂಪನಿಗೆ ಮಾತ್ರ ದುಡಿಯಬೇಕು. ನಿಮ್ಮ ಮನೆಯವರಿಗೆ ಆ ಕಟ್ಟು ಇಲ್ಲ, ಅವರ ಹೆಸರಲ್ಲಿ ಎಬಿಎನ್ ಅಂತ ವ್ಯಾಪಾರದ ನಂಬರ್ ತೆಗೆದುಕೊಳ್ಳಲಿ. ಇಳಕಲ್‌ನಿಂದ ಕಳಿಸುವ ಅವರ ಚಿಕ್ಕಮ್ಮನಿಗೆ ನಮ್ಮ ದೇಶದ ರಫ್ತು ನಂಬರ್, ಐಇಸಿ, ಬೇಕಾಗುತ್ತದೆ.

ಒಂದು ಪಾರ್ಸೆಲ್ಲಿನ ಬೆಲೆ 1,000 ಡಾಲರ್ ಒಳಗಿದ್ದರೆ ಗಡಿಯಲ್ಲಿ ಸುಂಕ ಕಟ್ಟುವ ಗೋಜಿಲ್ಲ. ಅದು ದಾಟಿದರೆ ಆಮದು ಡಿಕ್ಲರೇಷನ್ ಹಾಕಬೇಕು, ಮೊದಲ ಸಲ ಆ ಕಾಗದ ಪತ್ರ ಮಾಡಿಕೊಡುವ ಕಸ್ಟಮ್ಸ್ ಬ್ರೋಕರ್ ಹಿಡಿಯಿರಿ. ಲೆಕ್ಕ ಹೀಗೆ. ಸೀರೆಯ ಬೆಲೆ 2,000 ಡಾಲರ್, ಸಾಗಣೆ ಮತ್ತು ವಿಮೆ 200 ಡಾಲರ್ ಅನ್ನಿ. ಸುಂಕ ಶೇ 5 ಆದರೆ 100 ಡಾಲರ್. ಜಿಎಸ್‌ಟಿ ಶೇ 10, ಅದು ಬೆಲೆ, ಸುಂಕ, ಸಾಗಣೆ ಎಲ್ಲ ಕೂಡಿದ 2,300ರ ಮೇಲೆ, ಅಂದರೆ 230. ಆದರೆ ಭಾರತ ಮತ್ತು ಆಸ್ಟ್ರೇಲಿಯಾ ಮಾಡಿಕೊಂಡ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಸೀರೆ ಭಾರತದಲ್ಲೇ ತಯಾರಾದದ್ದು ಅಂತ ಮೂಲದ ಪ್ರಮಾಣಪತ್ರ ಕಳಿಸಿದರೆ ಆ 100 ಡಾಲರ್ ಸುಂಕ ಉಳಿಯುತ್ತದೆ, ಜಿಎಸ್‌ಟಿ 220ಕ್ಕೆ ಇಳಿಯುತ್ತದೆ. ಪ್ರಮಾಣಪತ್ರವನ್ನು ಅಲ್ಲಿಂದ ಸರಕು ಹೊರಡುವ ಮುಂಚೆಯೇ ಮಾಡಿಸಿ. ನಾನು ಒಂದು ಸಲ ಸ್ನೇಹಿತರಿಗಾಗಿ ತರಿಸಿದಾಗ ‘ಆಮೇಲೆ ಕಳಿಸ್ತೀವಿ’ ಅಂದವರು ಕಳಿಸಲೇ ಇಲ್ಲ, ಸುಂಕ ಕಟ್ಟಿದೆ. ಜಿಎಸ್‌ಟಿ ನೋಂದಣಿ ವರ್ಷದ ವಹಿವಾಟು 75,000 ಡಾಲರ್ ಮುಟ್ಟಿದಾಗ ಕಡ್ಡಾಯ. ಮುಂಚೆಯೇ ಮಾಡಿಸಿಕೊಂಡರೆ ಗಡಿಯಲ್ಲಿ ಕಟ್ಟಿದ ಜಿಎಸ್‌ಟಿಯನ್ನು ವಾಪಸ್ ಪಡೆಯಬಹುದು.

ಇದರಲ್ಲಿ ಎರಡು ಆಸೆ ಹುಟ್ಟುತ್ತವೆ. ‘ಗಿಫ್ಟ್ ಅಂತ ಬರೆದುಬಿಡಿ’ ಅನ್ನುವವರು ಸಿಗುತ್ತಾರೆ, ‘ಬಿಲ್ ಅರ್ಧಕ್ಕೆ ಮಾಡಿಕೊಡ್ತೀವಿ’ ಅನ್ನುವವರೂ ಸಿಗುತ್ತಾರೆ. ಗಿಫ್ಟ್ ಅಂದರೂ ಅದೇ 1,000 ಡಾಲರ್ ಲೆಕ್ಕ, ಏನೂ ಉಳಿಯುವುದಿಲ್ಲ. ಅರ್ಧ ಬಿಲ್ಲಿನ ಪಾರ್ಸೆಲ್ ಕಳೆದುಹೋದರೆ ವಿಮೆಯವರು ಕೊಡುವುದೂ ಅರ್ಧ, ಸಿಕ್ಕಿಬಿದ್ದರೆ ನಿಮ್ಮ ಮನೆಯವರ ಹೆಸರಿಗೆ ಮಸಿ. ವೀಸಾ, ಮುಂದೆ ಪಿಆರ್ ಅಂದರೆ ಇಲ್ಲೇ ಕಾಯಂ ನೆಲೆಸುವ ವೀಸಾ, ಎಲ್ಲದಕ್ಕೂ ಆ ಹೆಸರೇ ಬೇಕು ಅಲ್ವಾ.

ಮೊದಲ ಸಲ ಹತ್ತು ಹದಿನೈದು ಸೀರೆ ಮಾತ್ರ ತರಿಸಿ. ರಾಜ್ಯೋತ್ಸವ, ಯುಗಾದಿಗೆ ಕನ್ನಡದವರು ಸೇರುವ ಕಡೆ ಇಟ್ಟು ನೋಡಿ. ಇಳಕಲ್ ಸೀರೆಯ ಟೋಪ್ ತೆನೆ ಸೆರಗು ಕಂಡರೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ತಾವಾಗಿಯೇ ಹತ್ತಿರ ಬರುತ್ತಾರೆ.

ಪೆಟ್ಟಿಗೆ ಕಟ್ಟಿಸುವ ಮುಂಚೆ ನಿಮ್ಮ ಪಟ್ಟಿಯನ್ನು ಒಂದು ಸಲ ನನಗೆ ಕಳಿಸಿ. ಯಾವುದು ತೆಗೆಯಬೇಕು ಅಂತ ಗುರುತು ಹಾಕಿ ಅದೇ ದಿನ ವಾಪಸ್ ಕಳಿಸುತ್ತೇನೆ. ಬಂದ ಮೊದಲ ವಾರಕ್ಕೆ ಬೇಳೆ, ಅಕ್ಕಿ, ಬ್ಯಾಡಗಿ ಮೆಣಸಿನಕಾಯಿ ನಮ್ಮ ಮನೆಯಿಂದ ಕೊಡುತ್ತೇವೆ, ಅದರ ಭಾರ ಹೊತ್ತು ಬರಬೇಡಿ.